ಒಂದೇ ದಾರಿಗೆ ಎರಡು ದರ

ಗಿರಾಕಿಯ ಅಂಗಿ, ಚಪ್ಪಲಿ ನೋಡಿ ದರ ಹೇಳುವ ವ್ಯಾಪಾರಿ ಹಿಂದೆಯೂ ಇದ್ದ. ಆದರೆ ಅವನ ಎದುರು ನಿಂತು, "ಏನ್ ಸ್ವಾಮಿ, ಪಕ್ಕದೋರಿಗೆ ನಲವತ್ತು, ನಮಗೆ ಅರವತ್ತಾ?" ಎಂದು ಕೇಳಬಹುದಿತ್ತು. ಈಗ ದರ ಹೇಳುವುದು ಮೊಬೈಲಿನೊಳಗಿನ ಲೆಕ್ಕ. ಅದಕ್ಕೆ ಮುಖವೂ ಇಲ್ಲ, ಕಿವಿಯೂ ಇಲ್ಲ. ಜಗಳ ಆಡೋಣವೆಂದರೆ ಯಾರ ಹತ್ತಿರ ಆಡೋದು?

2024ರ ಡಿಸೆಂಬರಿನಲ್ಲಿ ಕೆಲವು ಪ್ರಯಾಣಿಕರು ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು ಫೋಟೋ ತೆಗೆದರು. ಹೋಗುವ ದಾರಿ ಒಂದೇ, ಬಾಡಿಗೆ ಮಾತ್ರ ಬೇರೆ ಬೇರೆ. ಐಫೋನಿಗೆ ಒಂದು ರೇಟು, ಆಂಡ್ರಾಯ್ಡಿಗೆ ಇನ್ನೊಂದು ಎಂಬ ಗುಲ್ಲೆದ್ದಿತು. 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಉಬರ್ ಎರಡಕ್ಕೂ ನೋಟೀಸು ಕೊಟ್ಟಿತು. ಧಾರವಾಡದ ಸಂಸದ, ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರೇ ಈ ಸಂಗತಿ ತಿಳಿಸಿದರು. ಫೋನು ನೋಡಿ ದರ ಹಾಕುವುದಿಲ್ಲ ಎಂಬುದು ಎರಡೂ ಕಂಪನಿಗಳ ಉತ್ತರ.

ಕಂಪನಿಯ ಮಾತು ನಿಜವೇ ಇರಬಹುದು. ದೂರ, ಹೊತ್ತು, ಟ್ರಾಫಿಕ್ಕು, ಎಷ್ಟು ಜನ ಕೇಳುತ್ತಿದ್ದಾರೆ, ಎಷ್ಟು ಗಾಡಿ ಖಾಲಿ ಇವೆ, ಇವನ್ನೆಲ್ಲ ಕೂಡಿಸಿ ಕಳೆದು ಗಳಿಗೆಗೊಂದು ದರ ಬರುತ್ತದೆ. ಆದರೆ ಆ ಲೆಕ್ಕದ ಪುಸ್ತಕ ಹೊರಗಿನವರಿಗೆ ಕಾಣುವುದಿಲ್ಲವಲ್ಲ! ತಕ್ಕಡಿಯನ್ನು ಪರದೆಯ ಹಿಂದೆ ಇಟ್ಟು ತೂಗಿದರೆ, ತೂಕ ಸರಿಯಿದ್ದರೂ ಗಿರಾಕಿ ನಂಬುವನೇ?

ಹಾಗೆಂದು ದರ ಏರಿದ್ದೆಲ್ಲ ಮೋಸವಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ಬೆಲೆ ಏರುತ್ತದೆ, ಮಳೆ ಹೆಚ್ಚಾದರೆ ಟೊಮೆಟೊ ಏರುತ್ತದೆ. ಜನ ಗೊಣಗುತ್ತಾರೆ, ಕೊಳ್ಳುತ್ತಾರೆ. ಯಾಕೆಂದರೆ ಅಲ್ಲಿ ನಿಂತವರಿಗೆಲ್ಲ ಒಂದೇ ಕೂಗು. ಮಳೆಯಲ್ಲಿ ಹೆಚ್ಚು ಬಾಡಿಗೆ ಸಿಕ್ಕರೆ ಹೆಚ್ಚು ಗಾಡಿ ರಸ್ತೆಗಿಳಿಯುತ್ತವೆ ಎಂಬ ವಾದದಲ್ಲೂ ಹುರುಳಿದೆ.

ಜನಕ್ಕೆ ಸಿಟ್ಟು ಬರುವುದು ಎಲ್ಲಿ? ಕೆನಡಾದಲ್ಲಿ ಮೂವರು ಪಂಡಿತರು ಜನರನ್ನೇ ಕೇಳಿ ನೋಡಿ, 1986ರಲ್ಲಿ ಅದನ್ನು ಪ್ರಕಟಿಸಿದರು. ಅಂಗಡಿಯವನು 15 ಡಾಲರಿಗೆ ಮಾರುತ್ತಿದ್ದ ಹಿಮ ತೆಗೆಯುವ ಸಲಿಕೆಗೆ, ದೊಡ್ಡ ಹಿಮ ಬಿದ್ದ ಮಾರನೆಯ ದಿನ 20 ಡಾಲರು ಮಾಡಿದ. ಸರಿಯೋ ತಪ್ಪೋ? ನೂರಕ್ಕೆ 82 ಜನ ಅನ್ಯಾಯ ಎಂದರು. ಅಂಗಡಿಯವನಿಗೇ ಖರೀದಿ ದರ ಏರಿದ್ದರೆ ಜನ ಒಪ್ಪುತ್ತಾರೆ. ನಮ್ಮ ಕಷ್ಟ ನೋಡಿ ಏರಿಸಿದರೆ ಒಪ್ಪುವುದಿಲ್ಲ. 2020ರ ಮಾರ್ಚಿನಲ್ಲಿ ಮಾಸ್ಕು, ಸ್ಯಾನಿಟೈಸರ್‌ಗೆ ಸರ್ಕಾರವೇ ದರ ಕಟ್ಟಬೇಕಾಗಿ ಬಂದದ್ದನ್ನು ನಮ್ಮ ವರ್ತಕರು ಮರೆತಿಲ್ಲ.

2000ನೇ ಇಸವಿಯಲ್ಲಿ ಅಮೆರಿಕದ ಅಮೆಜಾನ್ ಕಂಪನಿ ಒಂದೇ ಡಿವಿಡಿಗೆ ಬೇರೆ ಬೇರೆಯವರಿಗೆ ಬೇರೆ ಬೇರೆ ದರ ತೋರಿಸಿತು. ಗಿರಾಕಿಗಳು ತಮ್ಮತಮ್ಮಲ್ಲೇ ದರ ಹೋಲಿಸಿದಾಗ ಗುಟ್ಟು ಬಯಲಾಯಿತು. ಅದು ಬರೀ ಪರೀಕ್ಷೆ ಎಂದ ಕಂಪನಿ, 6,896 ಜನರಿಗೆ ತಲಾ ಸರಾಸರಿ 3 ಡಾಲರು 10 ಸೆಂಟು ವಾಪಸು ಕೊಟ್ಟಿತು. ಜನ ಬಾಯಿಬಿಟ್ಟದ್ದರಿಂದ ಬಂದ ದುಡ್ಡು ಅದು.

ನಮ್ಮ ಕಡೆಯ ಕಥೆ ಇನ್ನೂ ಹತ್ತಿರದ್ದು. ತುಮಕೂರಿನಿಂದ ಬೆಳಗಿನ ಬಸ್ಸಿಗೆ ಹೋಗಿ ಮೆಜೆಸ್ಟಿಕ್ಕಿನಲ್ಲಿ ಇಳಿಯುವವರಿಗೆ ಗೊತ್ತೇ ಇದೆ. 2022ರಲ್ಲಿ ಬೆಂಗಳೂರಿನಲ್ಲಿ ಆಟೋದ ಸರ್ಕಾರಿ ದರ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ. ಆಪ್‌ಗಳು ಕನಿಷ್ಠ 100 ರೂಪಾಯಿ ಕೀಳುತ್ತಿವೆ ಎಂಬ ದೂರು ರಾಶಿ ಬಿತ್ತು. ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಆಪ್ ಆಟೋ ನಿಲ್ಲಿಸಿ ಎಂದಿತು, ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ನವೆಂಬರಿನಲ್ಲಿ ಸರ್ಕಾರ ನೂರಕ್ಕೆ 5 ಸೇವಾಶುಲ್ಕ, ಮೇಲೆ ಜಿಎಸ್‌ಟಿ ಎಂದು ಗೊತ್ತುಮಾಡಿತು. 2024ರ ಮೇನಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಅಷ್ಟರಲ್ಲಿ ಜನ, ಚಾಲಕರು ಸುಮ್ಮನೆ ಕೂತಿರಲಿಲ್ಲ. ಆಟೋ ಚಾಲಕರ ಸಂಘವೊಂದು 2022ರ ನವೆಂಬರಿನಲ್ಲೇ 'ನಮ್ಮ ಯಾತ್ರಿ' ಆಪ್ ಮುಂದೆ ತಂದಿತು. ಕಮಿಷನ್ ಇಲ್ಲದ ಆಪ್ ಎಂದು ಜನ ಅತ್ತ ನಡೆದರು. ಉಳಿದವರು ತಮ್ಮದೇ ಉಪಾಯ ಹೂಡಿದರು. ಎರಡು ಮೂರು ಆಪ್ ತೆಗೆದು ನೋಡುವುದು, ಹೆಂಡತಿಯ ಫೋನಿನಲ್ಲಿ ಮತ್ತೊಮ್ಮೆ ನೋಡುವುದು, ಹತ್ತು ನಿಮಿಷ ಕಾಯುವುದು, ಬೇಡವೇ ಬೇಡ ಎಂದು ಸಿಟಿ ಬಸ್ಸು ಹತ್ತುವುದು. ಚೌಕಾಸಿ ಸತ್ತಿಲ್ಲ, ವೇಷ ಬದಲಿಸಿದೆ ಅಷ್ಟೇ.

ಆದರೆ ಇದು ಪುರುಸೊತ್ತು ಇದ್ದವರ ಆಟ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಓಡುವವರು ಮೂರು ಆಪ್ ನೋಡುತ್ತಾ ನಿಲ್ಲುತ್ತಾರೆಯೇ? ಅಂಥವರನ್ನು ಕಾಯಬೇಕಾದ್ದು ಕಾನೂನು. ಕಾನೂನು ನೋಡಿದರೆ ಒಂದು ಕಡೆ ಎಳೆಯುತ್ತಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ, ಆಪ್ ಟ್ಯಾಕ್ಸಿಯಾದರೂ ನಗರ ಟ್ಯಾಕ್ಸಿಯಾದರೂ ಒಂದೇ ದರ ಎಂದಿತು. 2025ರ ಜುಲೈನಲ್ಲಿ ಕೇಂದ್ರದ ಮಾರ್ಗಸೂಚಿ, ದಟ್ಟಣೆಯ ಹೊತ್ತಿನಲ್ಲಿ ಮೂಲ ದರದ ಎರಡರಷ್ಟು ತೆಗೆದುಕೊಳ್ಳಬಹುದು ಎಂದಿತು. ಮೊದಲು ಇದ್ದ ಮಿತಿ ಒಂದೂವರೆಪಟ್ಟು!

ಮೋಸವೆಂದು ಕಂಡರೆ ದರದ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳಿ. ಬಾಯಿಮಾತಿನ ಸಿಟ್ಟಿಗೆ ಸಾಕ್ಷಿ ಇರುವುದಿಲ್ಲ.

ಅಂಗಡಿ ಮಾಲೀಕರಿಗೂ ಒಂದು ಮಾತು. ಎಲ್ಲರಿಗೂ ಕಾಣುವಂತೆ ದರದ ಬೋರ್ಡು ತೂಗುಹಾಕಿ, ಬಂದವರಿಗೆಲ್ಲ ಅದೇ ದರ ಹೇಳುವುದು ಈಗ ದೊಡ್ಡ ಬಂಡವಾಳ. ದೊಡ್ಡ ಕಂಪನಿಗಳು ಕಳೆದುಕೊಂಡ ನಂಬಿಕೆ ನಿಮ್ಮ ಗಲ್ಲಾಪೆಟ್ಟಿಗೆಗೆ ಬರಬಹುದು. ನೀವೂ ಮುಖ ನೋಡಿ ಮಣೆ ಹಾಕಲು ಹೊರಟರೆ ಮಾತ್ರ, ಗಿರಾಕಿ ಮೊಬೈಲೇ ವಾಸಿ ಅಂದಾನು.