ಕ್ಯಾಮೆರಾ ಅಲ್ಲಿ, ಡೈರೆಕ್ಟರ್ ಇಲ್ಲಿ!

ಏನ್ರಪ್ಪಾ ಅಭಿಮಾನಿ ಮಿತ್ರರೇ, ಬಸ್ಸು ಇನ್ನೂ ಬಂದಿಲ್ವಾ? ಒಳ್ಳೇದಾಯ್ತು, ಅಲ್ಲೀವರೆಗೆ ಇದನ್ನ ಓದಿ.

ಹಿಂದೆಲ್ಲಾ ಚಾನ್ಸು ಬೇಕು ಅಂದ್ರೆ ಫೋಟೋ ತೆಗೆಸಿ ಟಪಾಲಿಗೆ ಹಾಕಬೇಕಿತ್ತು. ಇಲ್ಲಾ, ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಗೇಟು ಕಾಯಬೇಕಿತ್ತು. ಈಗ ‘ಮನೆಯಲ್ಲೇ ವಿಡಿಯೋ ಮಾಡಿ ಕಳಿಸಿ’ ಅಂತಾರೆ. (ಜೊತೆಗೆ ದುಡ್ಡೂ ಕಳಿಸಿ ಅಂದರೆ ಅದು ಆಡಿಷನ್ ಅಲ್ಲ, ಟೋಪಿ!) 2020ರ ಲಾಕ್‌ಡೌನಿನಲ್ಲಿ ಅಮಿತಾಭ್, ರಜನಿಕಾಂತ್, ನಮ್ಮ ಶಿವಣ್ಣ ಎಲ್ಲಾ ಅವರವರ ಮನೆಯಲ್ಲೇ ನಿಂತು ‘ಫ್ಯಾಮಿಲಿ’ ಅನ್ನೋ ಕಿರುಚಿತ್ರ ಮುಗಿಸಿಬಿಟ್ಟರಲ್ಲ! ಅಮಿತಾಭ್ ಅವರ ಕಪ್ಪು ಕನ್ನಡಕ ಹುಡುಕೋದೇ ಕಥೆ. ನಿರ್ದೇಶಕ ಪ್ರಸೂನ್ ಪಾಂಡೆ ದೂರದಿಂದಲೇ ಹೇಳಿಕೊಟ್ಟರು, ತಾರೆಯರು ಯಾರೂ ಮನೆ ಹೊಸಿಲು ದಾಟಲಿಲ್ಲ.

ಮೊನ್ನೆ ಸಿದ್ಧಾರ್ಥನಗರದ ನಮ್ಮನೇಲಿ ಕೂತು ನಾನೂ ಹಾಗೇ ಒಂದು ಡೈರೆಕ್ಷನ್ ಮಾಡಿದೆ ಸ್ವಾಮಿ! ಸಂಜೆ ನಾಲ್ಕಕ್ಕೆ ಕೊಳ್ಳೇಗಾಲದ ಕಡೆಯ ಒಬ್ಬ ಹುಡುಗ ವಿಡಿಯೋ ಕಾಲ್ ಮಾಡಿದ. “ಸಾರ್, ರಾತ್ರಿ ಎಂಟರೊಳಗೆ ಕಳಿಸ್ಬೇಕು. ಇದೂ ಆಗ್ಲಿಲ್ಲ ಅಂದ್ರೆ ಸೋಮವಾರ ನಂಜನಗೂಡಿನ ಫ್ಯಾಕ್ಟರಿಗೆ ಸೇರ್ಕೊ ಅಂತ ನಮ್ಮಪ್ಪ ಹೇಳವ್ರೆ.”

ನೋಡ್ತೀನಿ, ಹುಡುಗನ ಮುಖವೇ ಕಾಣದು, ಬರೀ ಕಪ್ಪು! ಕಿಟಕಿ ಬೆನ್ನಿಗಿತ್ತು. ತಿರುಗಿ ಅದರ ಎದುರಿಗೆ ನಿಲ್ಲಿಸಿದೆ, ಮೂಗು-ಕಣ್ಣು ಮೂಡಿತು. ಸ್ಟೂಲಿನ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ಫೋನು ಅಡ್ಡಲಾಗಿ, ಕಣ್ಣಿನ ಮಟ್ಟಕ್ಕೆ. ಹಿಂದಿನ ಕ್ಯಾಮೆರಾ ಬಳಸಿ ಅಂದೆ, ಅದರ ಚಿತ್ರವೇ ಚೆಂದ. ಲೆನ್ಸು ಒರೆಸಿಸಿದೆ, ಫ್ಯಾನು ಆರಿಸಿಸಿದೆ. ಕಣ್ಣಿಗೆ ಕಾಣದ ಫ್ಯಾನಿನ ಗಾಳಿ ವಿಡಿಯೋದಲ್ಲಿ ಲಾರಿ ಹೋದಂಗೆ ಕೇಳುತ್ತೆ!

ದೃಶ್ಯ ಏನಪ್ಪಾ ಅಂದ್ರೆ, ತಂದೆ ಮಗನನ್ನ ಮನೆಯಿಂದಾಚೆ ಹಾಕ್ತಾನೆ. ತಂದೆಯ ಮಾತು ಓದೋಕೆ ತಾಯಿಯನ್ನ ಕೂರಿಸಿದ್ವಿ. ರಿಹರ್ಸಲ್‌ನಲ್ಲೇ ಆಕೆ ಚೀಟಿ ಕೆಳಗಿಟ್ಟರು. “ಹೊರಟೋಗು ಅಂತ ನನ್ ಬಾಯಲ್ಲಿ ಬರಲ್ಲ ಸ್ವಾಮಿ.”

ಆಗ ಹೊರಗೆ ಕೂತಿದ್ದ ಅಪ್ಪ ಎದ್ದು ಬಂದು, ಮಾತಾಡದೆ ಚೀಟಿ ತಗೊಂಡರು.

ಇನ್ನು ನನ್ನ ಕೆಲಸ ಮುಗೀತು. ಇರೋದು ಒಂದೇ ಫೋನು, ಕಾಲ್ ಕಟ್ ಮಾಡಿದ್ರೇ ರೆಕಾರ್ಡಿಂಗು. ಮಧ್ಯೆ ಯಾರಾದ್ರೂ ಫೋನ್ ಮಾಡಿದ್ರೆ ಕೆಟ್ಟೀತು, ಫ್ಲೈಟ್ ಮೋಡಿಗೆ ಹಾಕು ಅಂದೆ. ಆಮೇಲೆ ಅರ್ಧ ಗಂಟೆ ನನಗೆ ಅಲ್ಲಿ ಏನಾಗ್ತಿದೆಯೋ ಗೊತ್ತಿಲ್ಲ! ಚಾಮುಂಡಿ ಬೆಟ್ಟ ನೋಡ್ಕೊಂಡು ಕೂತೆ.

ವಿಡಿಯೋ ಬಂತು. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದ್ರೆ ಚಿತ್ರ ಕುಗ್ಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸು ಅಂದಿದ್ದೆ, ಹಾಗೇ ಕಳಿಸಿದ್ದ. ಅಪ್ಪ ಕೂಗಿರಲಿಲ್ಲ. ಮೆಲ್ಲಗೆ, ಚೀಟಿಯಲ್ಲಿದ್ದಷ್ಟೇ ಓದಿದ್ದರು. ಹುಡುಗ ತನ್ನ ಮಾತು ಶುರು ಮಾಡೋಕೆ ಮೂರ್ನಾಲ್ಕು ಸೆಕೆಂಡು ತಗೊಂಡಿದ್ದ. ಇನ್ನೊಂದು ಟೇಕ್ ಬೇಡ, ಇದನ್ನೇ ಕಳಿಸು ಅಂದೆ.

ಉತ್ತರ ಇನ್ನೂ ಬಂದಿಲ್ಲ. ಹುಡುಗ ಸೋಮವಾರದಿಂದ ಫ್ಯಾಕ್ಟರಿಗೆ ಹೋಗ್ತಿದ್ದಾನೆ. ನಿನ್ನೆ ರಾತ್ರಿ ಅವರಪ್ಪ ಫೋನ್ ಮಾಡಿದ್ದರು. “ನನ್ ದನಿ ಸರಿಯಾಗಿ ಬಂದಿತ್ತಾ ಸ್ವಾಮಿ?”