ಬೈಯುವ ಮೊದಲು ಒಂದು ಮೇಜು ಹಾಕಿ

ಸಂಜೆ ಏಳರ ಹೊತ್ತಿಗೆ ಸುದ್ದಗುಂಟೆಪಾಳ್ಯದ ಪಿಜಿಗಳ ಸಾಲಿನಲ್ಲಿ ನಡೆದರೆ ಮಲಯಾಳಂ, ಹಿಂದಿ, ಬಂಗಾಳಿ, ಜೊತೆಗೆ ನನಗೆ ಹೆಸರು ತಿಳಿಯದ ಈಶಾನ್ಯದ ಒಂದೆರಡು ನುಡಿ ಕಿವಿಗೆ ಬೀಳುತ್ತವೆ. ಕ್ರೈಸ್ಟ್ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ, ಆಶ್ಚರ್ಯವೇನಿಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಈ ಮಕ್ಕಳಲ್ಲಿ ತಾವಾಗಿಯೇ ಕನ್ನಡ ಕಲಿಯಲು ಹೊರಟವರಿದ್ದಾರೆ. ಅವರು ಸೋಲುತ್ತಿದ್ದಾರೆ. ಸೋತದ್ದಕ್ಕೆ ನಾವು ಅವರನ್ನೇ ಬೈಯುತ್ತಿದ್ದೇವೆ.

ಎದುರು ಪಿಜಿಯ ಮಿಜೋರಾಂ ಹುಡುಗಿಯೊಬ್ಬಳು ಮೂವತ್ತು ದಿನದಲ್ಲಿ ಕನ್ನಡ ಕಲಿಸುವ ಪುಸ್ತಕವೊಂದನ್ನು ಹಿಡಿದು ನನ್ನ ಬಳಿ ಬಂದಿದ್ದಳು. ಅದರಲ್ಲಿ 'ನಾನು ಅಂಗಡಿಗೆ ಹೋಗುತ್ತೇನೆ' ಎಂದಿದೆ. ಬೀದಿಯಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ, 'ಹೋಗ್ತೀನಿ' ಅನ್ನುತ್ತಾರೆ. ಯಾರೋ 'ಬಂದ್ಬಿಟ್ರು' ಅಂದದ್ದನ್ನು ಕೇಳಿ ನಿಘಂಟಿನಲ್ಲಿ ಹುಡುಕಿದಳಂತೆ, ಸಿಗಲಿಲ್ಲ. ಹೇಗೆ ಸಿಕ್ಕೀತು? ನಿಘಂಟಿನಲ್ಲಿರುವುದು 'ಬರು'. ಬರು ಬಂದ ಆಗುತ್ತದೆ, ತರು ತಂದ ಆಗುತ್ತದೆ, ಕೊಡು ಕೊಟ್ಟ ಆಗುತ್ತದೆ ಎಂದು ಹೇಳುವವರಿಲ್ಲದೆ ಒಬ್ಬಳೇ ಕೂತವಳಿಗೆ ಬಾಗಿಲೇ ಕಾಣುವುದಿಲ್ಲ. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಕಟ್ಟಿದ, ಒಂದೂವರೆ ಲಕ್ಷದಷ್ಟು ಪದಗಳ 'ಅಲರ್' ನಿಘಂಟು 2019ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ದೊಡ್ಡ ಕೆಲಸ. ಆದರೆ ಪದದ ಬೇರು ಗೊತ್ತಾದ ಮೇಲಿನ ಮಾತು ಅದು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಕಿಟೆಲ್ ಹೆಸರು ಎತ್ತುತ್ತಾರೆ. ಜರ್ಮನಿಯವರು ಕಲಿಯಲಿಲ್ಲವೇ, ಮನಸ್ಸು ಬೇಕು ಅಷ್ಟೆ! ಕಿಟೆಲ್ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ, ಬೆನ್ನಿಗೆ ಬಾಸೆಲ್ ಮಿಷನ್, ಪಕ್ಕದಲ್ಲಿ ಪಂಡಿತರು. ಈ ಹುಡುಗಿಗೆ ಇರುವುದು ಮೂರು ವರ್ಷದ ಡಿಗ್ರಿ ಮತ್ತು ಮೂವರು ಹಂಚಿಕೊಂಡ ಒಂದು ಕೋಣೆ.

ಸ್ವತಂತ್ರವಾಗಿ ಕಲಿಯುವುದೆಂದರೆ ಒಂಟಿಯಾಗಿ ಕಲಿಯುವುದು ಎಂದು ನಾವು ತಿಳಿದಂತಿದೆ. 1970ರ ದಶಕದಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ಈ ವಿಚಾರವನ್ನು ಬೆಳೆಸಿದವರು ಹಾಗೆ ತಿಳಿದಿರಲಿಲ್ಲ. ಅವರಲ್ಲೊಬ್ಬರಾದ ಆನ್ರಿ ಓಲೆಕ್, ತನ್ನ ಕಲಿಕೆಯ ಹೊಣೆಯನ್ನು ತಾನೇ ಹೊರುವ ಶಕ್ತಿ ಹುಟ್ಟಿನಿಂದ ಬರುವುದಲ್ಲ, ಅದನ್ನೂ ಕಲಿಯಬೇಕು ಎಂದು ವಾದಿಸಿದರು. ಅದಕ್ಕೇ ಇಂಥ ಕೇಂದ್ರಗಳಲ್ಲಿ ಪಾಠ ಮಾಡದ ಒಬ್ಬ ಸಲಹೆಗಾರ ಇರುತ್ತಾರೆ. ಏನು ಬೇಕು, ಎಲ್ಲಿ ಸಿಕ್ಕಿಕೊಂಡಿರಿ ಎಂದು ಕೇಳಿ, ಇದನ್ನು ಕೇಳಿಸಿಕೊಳ್ಳಿ, ಬರುವ ವಾರ ಸಿಗೋಣ ಎನ್ನುವವರು. ಆ ಒಬ್ಬರು ಇಲ್ಲದಿದ್ದರೆ ಉಳಿಯುವುದು ದೂಳು ಹಿಡಿದ ಕಪಾಟು.

ಇದಕ್ಕೆ ಹಣವೆಲ್ಲಿ ಅನ್ನಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಪಿಜಿ ಕಟ್ಟಡಗಳ ಮೇಲೂ ಅದು ಬೀಳುತ್ತದೆ, ಅಂದರೆ ಆ ಹುಡುಗಿಯ ಬಾಡಿಗೆಯಲ್ಲೂ ಅದರ ಒಂದು ಚೂರಿದೆ. ಕಲಿಸುವ ಕಸುಬು ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಹೊರರಾಜ್ಯದ ಶಿಕ್ಷಕರಿಗೆ ಹತ್ತು ತಿಂಗಳು ಕನ್ನಡ ಕಲಿಸುವ ಪರಿಪಾಠವಿದೆ. ನಾನು ಕೇಳುತ್ತಿರುವುದು ಶಾಖಾ ಗ್ರಂಥಾಲಯದಲ್ಲಿ ಒಂದು ಮೇಜು, ನಾಲ್ಕು ಹೆಡ್‌ಫೋನು, ಆಡುಮಾತಿನ ಧ್ವನಿಮುದ್ರಣ ಮತ್ತು ವಾರಕ್ಕೆರಡು ಸಂಜೆ ಬಂದು ಕೂರುವ ಒಬ್ಬ ನಿವೃತ್ತ ಮೇಷ್ಟ್ರು.

ಬೀದಿಯೇ ಪಾಠಶಾಲೆ ಎನ್ನುವವರೂ ಇದ್ದಾರೆ. ಇರಬಹುದು, ನಾವು ಬಿಟ್ಟರೆ. ಅವಳು 'ಅರ್ಧ ಲೀಟರ್ ಹಾಲು ಕೊಡಿ' ಎಂದು ತಡವರಿಸಿದರೆ ಅಂಗಡಿಯವರು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ನಾನೂ ಮೊದಲ ದಿನ ಅವಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದ್ದೆ. ತಪ್ಪು ಕನ್ನಡವನ್ನು ಕೊನೆಯವರೆಗೆ ಕೇಳುವ ತಾಳ್ಮೆ ನಮಗಿಲ್ಲ, ಸುಮ್ಮನೆ ಅಭಿಮಾನದ ಮಾತು.

ಈಗ ನಾನೇ ಮಲಯಾಳಂ ಕಲಿಯುತ್ತಿದ್ದೇನೆ, ಗಲ್ಲಿಯ ಕೇರಳ ಹೋಟೆಲಿನಲ್ಲಿ. ಗಲ್ಲಾದ ಮೇಲೆ ಕೂರುವ ಯಜಮಾನರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಆದರೂ ನಾನು ಮಲಯಾಳದಲ್ಲಿ ಕೇಳಿದರೆ ಮಲಯಾಳದಲ್ಲೇ ಹೇಳುತ್ತಾರೆ. ಅರ್ಥವಾಗದಿದ್ದರೆ ಇನ್ನೊಮ್ಮೆ, ನಿಧಾನವಾಗಿ. ಹಿಂದೆ ಬಿಲ್ ಹಿಡಿದು ನಿಂತವರು ಗೊಣಗುತ್ತಿರುತ್ತಾರೆ.