ಗೇರಿಲ್ಲದ ಕಾರು ನಮಗೆ ಯಾಕೆ ಸಿಗ್ಲಿಲ್ಲ?

ರೇವಾ ಅಂತ ಒಂದು ಪುಟ್ಟ ಕರೆಂಟಿನ ಕಾರು ಇತ್ತು, ನೆನಪುಂಟಾ ಅಕ್ಕಂದಿರೇ? ಬೆಂಗಳೂರಲ್ಲೇ ಮಾಡಿ 2001ರಲ್ಲಿ ಮಾರಾಟಕ್ಕೆ ಬಿಟ್ಟದ್ದು. ಕ್ಲಚ್ಚಿಲ್ಲ, ಗೇರಿಲ್ಲ, ಮನೆಯ ಪ್ಲಗ್ಗಿಗೆ ಸಿಕ್ಕಿಸಿದ್ರೆ ಆಯ್ತು. ಲಂಡನ್ನಿನಲ್ಲಿ ಜಿ-ವಿಜ್ ಅಂತ ಹೆಸರು. ಅಲ್ಲಿ ಪೇಟೆಯೊಳಗೆ ಹೋಗ್ಲಿಕ್ಕೆ ಬೇರೆ ಕಾರಿನವರು ಕೊಡ್ಬೇಕಾಗಿದ್ದ ಸುಂಕ ಆಗ ಇದಕ್ಕೆ ಮಾಫಿ ಇತ್ತು. ಲಾಭ ಕಣ್ಣಿಗೆ ಕಾಣ್ತಿತ್ತು.

ನಮ್ಮಲ್ಲಿ ಹೊಗೆಯಿಲ್ಲ, ಪೆಟ್ರೋಲಿಲ್ಲ ಅಂತ ಹೇಳಿದ್ರು. ಒಂದು ಚಾರ್ಜಿಗೆ 80 ಕಿ.ಮೀ. ಅಂದ್ರು. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗಿ ಬರ್ಲಿಕ್ಕೇ ಸುಮಾರು 70 ಬೇಕು. ಗಂಡಸರು ಇದೇ ಲೆಕ್ಕ ಹಾಕಿ ಬೇಡ ಅಂದ್ರೆ ತಪ್ಪಲ್ಲ. ಆದ್ರೆ ನಾವು ದಿನಾ ಮಂಗಳೂರಿಗೆ ಹೋಗುದಾ ಮಾರಾಯ್ತಿ? ಮಕ್ಕಳ ಶಾಲೆ, ಸಂತೆ, ಸಾವಿರ ಕಂಬದ ಬಸದಿ, ಅತ್ತೆಯ ಮದ್ದು, ಎಲ್ಲ ಸೇರಿದ್ರೂ ಹದಿನೈದು ಕಿ.ಮೀ. ದಾಟ್ಲಿಕ್ಕಿಲ್ಲ. ಸ್ಟೇರಿಂಗಿಗೆ ಹೆದರುವ ಹೆಂಗಸರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆ ಮಾತು ನಮ್ಮ ಜಗಲಿಗೆ ಬರ್ಲೇ ಇಲ್ಲ.

2010ರಲ್ಲಿ ಕಂಪೆನಿ ಮಹೀಂದ್ರಾದವರ ಕೈಗೆ ಹೋಯ್ತು. 2013ರಲ್ಲಿ ಇ-ಟು-ಓ ಬಂತು, ಮತ್ತೆ ಅದೂ ನಿಂತಿತು. ತಗೊಂಡವರು ಕಡಿಮೆಯಾದ್ರೆ ಕಾರು ಎಷ್ಟು ಒಳ್ಳೇದಿದ್ರೂ ಕಷ್ಟ. ಬ್ಯಾಟರಿ ಹೋದ್ರೆ ಊರಲ್ಲಿ ರಿಪೇರಿ ಗೊತ್ತಿದ್ದವರಿಲ್ಲ, ಮಾರ್ಲಿಕ್ಕೆ ಹೊರಟ್ರೆ ಕೇಳುವವರಿಲ್ಲ.

ಈಗ ಪುನಃ ಕರೆಂಟಿನ ಕಾರಿನ ಕಾಲ. ಬಣ್ಣ, ಸೀಟು ಮತ್ತೆ ನೋಡುವ. ಮೊದ್ಲು ಮೂರು ಮಾತು ಕೇಳಿ: ಬ್ಯಾಟರಿಗೆ ಗ್ಯಾರಂಟಿ ಎಷ್ಟು ವರ್ಷ? ಸರ್ವಿಸ್ ಎಷ್ಟು ದೂರ? ಕೀ ಯಾರ ಕೈಯಲ್ಲಿರ್ತದೆ?